ಎರಡು ಎಂಜಿನ್ನಿನ ಭ್ರಮೆ

ಹೆಲಿಕಾಪ್ಟರ್ ಸುರಕ್ಷತೆಯ ಕುರಿತ ಸಾರ್ವಜನಿಕ ಚರ್ಚೆಯೆಲ್ಲ ಮೂರು ನಂಬಿಕೆಗಳ ಮೇಲೆ ನಿಂತಿದೆ. ಎಂಜಿನ್ ಕೈಕೊಟ್ಟರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ, ಆದ್ದರಿಂದ ಎರಡು ಎಂಜಿನ್ ಇರಲೇಬೇಕು ಎಂಬುದು ಮೊದಲನೆಯದು. ಸಾವಿರಾರು ಗಂಟೆ ಹಾರಿದ ಪೈಲಟ್ ಇದ್ದರೆ ಭಯವಿಲ್ಲ ಎಂಬುದು ಎರಡನೆಯದು. ಹವಾಮಾನ ಕೆಟ್ಟರೂ ಹೆಲಿಕಾಪ್ಟರ್ ಕೆಳಗಿಳಿದು, ವೇಗ ತಗ್ಗಿಸಿ, ದಾರಿ ಹುಡುಕಿಕೊಂಡು ಹೋಗಬಲ್ಲದು ಎಂಬುದು ಮೂರನೆಯದು. ಅಪಘಾತದ ಮರುದಿನ ಕೇಳಿಬರುವ ಪ್ರಶ್ನೆಗಳು ಹುಟ್ಟುವುದೂ ಇಲ್ಲಿಂದಲೇ: ಯಂತ್ರ ಎಷ್ಟು ಹಳೆಯದು? ಎಂಜಿನ್ ಒಂದೋ ಎರಡೋ? ಪೈಲಟ್ ಎಷ್ಟು ಗಂಟೆ ಹಾರಿದ್ದರು? ಯಾರದಾದರೂ ಕೈವಾಡವಿತ್ತೇ?

ಮೂರರಲ್ಲೂ ಒಂದಿಷ್ಟು ಸತ್ಯವಿದೆ. ಅದಕ್ಕೇ ಅವು ಇಷ್ಟು ಕಾಲ ಉಳಿದಿವೆ. ಆದರೆ ಮೂರೂ ಸೇರಿ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತವೆ. ಹೆಸರಾಂತ ವ್ಯಕ್ತಿಗಳು ಸತ್ತ ದೊಡ್ಡ ಹೆಲಿಕಾಪ್ಟರ್ ಅಪಘಾತಗಳನ್ನು ತೆಗೆದು ನೋಡಿದರೆ, ಯಂತ್ರ ನಿಂತು ಬಿದ್ದದ್ದಕ್ಕಿಂತ, ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಮೋಡದೊಳಕ್ಕೆ ಒಯ್ದು ಬೆಟ್ಟಕ್ಕೋ ನೆಲಕ್ಕೋ ಬಡಿದದ್ದೇ ಎದ್ದು ಕಾಣುತ್ತದೆ. ಅಲ್ಲಿ ಸೋತದ್ದು ಹಾರಾಟವನ್ನು ಮುಂದುವರಿಸುವ ನಿರ್ಧಾರ. ಆ ನಿರ್ಧಾರ ಪೈಲಟ್ ಒಬ್ಬರೇ ಕೈಗೊಂಡದ್ದೂ ಅಲ್ಲ.

ಮೊದಲು ಎಂಜಿನ್ನಿನ ವಿಷಯ. ಎಂಜಿನ್ ನಿಂತೊಡನೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಎಂಜಿನ್ನಿಗೂ ರೋಟರಿಗೂ ನಡುವೆ ಫ್ರೀವೀಲ್ ಎಂಬ ಏರ್ಪಾಡು ಇರುತ್ತದೆ. ಎಂಜಿನ್ ನಿಧಾನವಾದರೆ ಅದು ರೋಟರನ್ನು ಬಿಡುಗಡೆ ಮಾಡುತ್ತದೆ. ಪೈಲಟ್ ತಕ್ಷಣ ಎಡಗೈಯ ಕಲೆಕ್ಟಿವ್ ಸನ್ನೆಯನ್ನು ಕೆಳಗಿಳಿಸಿದರೆ ರೆಕ್ಕೆಗಳ ಕೋನ ತಗ್ಗುತ್ತದೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರ ಬಂದಾಗ ಮೂಗನ್ನು ಎತ್ತಿ ವೇಗ ಕಳೆದು, ತಿರುಗುವ ರೆಕ್ಕೆಗಳಲ್ಲಿ ಉಳಿದಿರುವ ಶಕ್ತಿಯನ್ನು ಖರ್ಚು ಮಾಡಿ ಮೆತ್ತಗೆ ಇಳಿಯಬಹುದು. ಇದಕ್ಕೆ ಆಟೊರೊಟೇಷನ್ ಎಂದು ಹೆಸರು. ಹೆಲಿಕಾಪ್ಟರ್ ಕಲಿಯುವ ಪ್ರತಿಯೊಬ್ಬರೂ ಇದನ್ನು ಅಭ್ಯಾಸ ಮಾಡಲೇಬೇಕು. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೆ ಎಂಬ ಪರೀಕ್ಷಾ ಪೈಲಟ್ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದರು. ಆ ಎತ್ತರದಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅವರು ನೆಲದವರೆಗೂ ಎಂಜಿನ್ ಇಲ್ಲದೆಯೇ ಇಳಿದು ಸುರಕ್ಷಿತವಾಗಿ ಹೊರಬಂದರು. ಇದೇ ಲಾಮಾವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಪರವಾನಗಿ ಪಡೆದು ತಯಾರಿಸಿತು. ಅದೇ ಸೇನೆಯ 'ಚೀತಾ'.

ಆಟೊರೊಟೇಷನ್ನಿಗೂ ಮಿತಿಯಿದೆ. ವೇಗವೂ ಇಲ್ಲದೆ, ಸಾಕಷ್ಟು ಎತ್ತರವೂ ಇಲ್ಲದೆ ತೂಗಾಡುವಾಗ ಎಂಜಿನ್ ನಿಂತರೆ ರೋಟರಿಗೆ ಗಾಳಿ ಸಿಗುವಷ್ಟು ಅವಕಾಶವೇ ಇರುವುದಿಲ್ಲ. ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲೂ ಈ ಅಪಾಯದ ವಲಯವನ್ನು ಎತ್ತರ ಮತ್ತು ವೇಗದ ನಕ್ಷೆಯಾಗಿ ಬರೆದಿರುತ್ತಾರೆ. ಕಡಲ ಮೇಲೆ, ನಗರದ ಮೇಲೆ, ದಟ್ಟ ಕಾಡಿನ ಮೇಲೆ, ರಾತ್ರಿಯಲ್ಲಿ ಇಳಿಯಲು ಜಾಗ ಸಿಗುವುದಿಲ್ಲ. ಅಲ್ಲೆಲ್ಲ ಎರಡನೆಯ ಎಂಜಿನ್ ನಿಜವಾಗಿ ಜೀವ ಉಳಿಸುತ್ತದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಪರಿಹರಿಸುವುದು ಒಂದು ಅಪಾಯವನ್ನು ಮಾತ್ರ. ಉಳಿದವುಗಳ ಬಳಿ ಅದು ಸುಳಿಯುವುದೇ ಇಲ್ಲ.

ನಾಲ್ಕು ಪ್ರಸಿದ್ಧ ಅಪಘಾತಗಳನ್ನು ಸಾಲಾಗಿ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 2009ರ ಸೆಪ್ಟೆಂಬರ್ 2ರಂದು ಅಂದಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಬೆಲ್ 430 ಹೈದರಾಬಾದಿನಿಂದ ಚಿತ್ತೂರು ಜಿಲ್ಲೆಯತ್ತ ಹೊರಟು ನಲ್ಲಮಲ ಕಾಡಿನಲ್ಲಿ ಬಿತ್ತು, ಐವರೂ ಸತ್ತರು. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಅವರಿದ್ದ ಸಿಕೋರ್ಸ್ಕಿ ಎಸ್-76ಬಿ ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಬಳಿ ಗುಡ್ಡಕ್ಕೆ ಅಪ್ಪಳಿಸಿತು. ಒಂಬತ್ತು ಮಂದಿ ಸತ್ತರು. 2021ರ ಡಿಸೆಂಬರ್ 8ರಂದು ಅಂದಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರಿದ್ದ ವಾಯುಪಡೆಯ ಎಂಐ-17ವಿ5 ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೋಗುವಾಗ ಕೂನೂರಿನ ಹತ್ತಿರ ನೀಲಗಿರಿಯ ಇಳಿಜಾರಿನಲ್ಲಿ ಉರುಳಿತು, ಹದಿನಾಲ್ವರು ಬಲಿಯಾದರು. 2024ರ ಮೇ 19ರಂದು ಇರಾನಿನ ಅಧ್ಯಕ್ಷ ಇಬ್ರಾಹಿಂ ರಯೀಸಿ ಅವರಿದ್ದ ಬೆಲ್ 212 ಮಂಜು ಮುಸುಕಿದ ಬೆಟ್ಟಕ್ಕೆ ಬಡಿಯಿತು. ಎಂಟು ಮಂದಿ ಸತ್ತರು.

ಈ ನಾಲ್ಕೂ ಎರಡು ಎಂಜಿನ್ನಿನ ಹೆಲಿಕಾಪ್ಟರುಗಳು. ನಾಲ್ಕರಲ್ಲಿ ಒಂದೂ ಎಂಜಿನ್ ನಿಂತದ್ದರಿಂದ ಬೀಳಲಿಲ್ಲ. ನಲ್ಲಮಲದ ಪ್ರಕರಣದಲ್ಲಿ ಮಳೆಮೋಡಗಳ ನಡುವೆ ಹಾರಾಟ ಮುಂದುವರಿಯಿತು, ಟ್ರಾನ್ಸ್‌ಮಿಷನ್ ತೈಲದೊತ್ತಡದ ಎಚ್ಚರಿಕೆಯೊಂದನ್ನು ಬಗೆಹರಿಸುವುದರಲ್ಲಿ ಪೈಲಟ್‌ಗಳ ಗಮನ ಹರಿಯಿತು, ಕೊನೆಗೆ ಬಲವಾದ ಕೆಳಮುಖ ಗಾಳಿಗೆ ಸಿಕ್ಕು ನಿಯಂತ್ರಣ ತಪ್ಪಿತು ಎಂದು ತನಿಖಾ ಸಮಿತಿ ಹೇಳಿತು. ಕೂನೂರಿನ ಪ್ರಕರಣದಲ್ಲಿ ಮೂರೂ ಪಡೆಗಳ ಜಂಟಿ ತನಿಖೆ ಯಂತ್ರದೋಷ, ವಿಧ್ವಂಸಕ ಕೃತ್ಯ ಎರಡನ್ನೂ ತಳ್ಳಿಹಾಕಿತು. ಕಣಿವೆಯಲ್ಲಿ ಹವಾಮಾನ ದಿಢೀರನೆ ಬದಲಾಗಿ ಹೆಲಿಕಾಪ್ಟರ್ ಮೋಡವನ್ನು ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಭ್ರಮೆಯಾಯಿತು ಎಂಬುದು ಅದರ ನಿರ್ಣಯ. ಇರಾನಿನಲ್ಲಿ ಮೊದಲ ದಿನಗಳ ಮಾತೆಲ್ಲ ವಿದೇಶಿ ಸಂಚು ಮತ್ತು ಅಮೆರಿಕದ ನಿರ್ಬಂಧದಿಂದ ಬಿಡಿಭಾಗಗಳು ಸಿಗದಿರುವುದರ ಸುತ್ತ ನಡೆಯಿತು. ಅಂತಿಮ ವರದಿ ಮಾತ್ರ ಮೇಲೇಳುತ್ತಿದ್ದ ದಟ್ಟ ಮಂಜನ್ನು ಹೊಣೆಯಾಗಿಸಿತು. ಅದೇ ತಂಡದಲ್ಲಿದ್ದ ಇನ್ನೆರಡು ಹೆಲಿಕಾಪ್ಟರುಗಳು ಸುರಕ್ಷಿತವಾಗಿ ಇಳಿದಿದ್ದವು.

ಮೋಡದೊಳಗೆ ಏನಾಗುತ್ತದೆ ಎಂಬುದು ಪೈಲಟ್ ತಿಳಿದಿರಬೇಕಾದ ಅತಿ ಮುಖ್ಯ ಸಂಗತಿ. ಮನುಷ್ಯ ಸಮತೋಲ ಕಾಯ್ದುಕೊಳ್ಳುವುದು ಮುಖ್ಯವಾಗಿ ಕಣ್ಣಿನಿಂದ. ದಿಗಂತ ಕಾಣದಾದಾಗ ಆ ಕೆಲಸ ಒಳಕಿವಿಯ ಅರೆವೃತ್ತಾಕಾರದ ನಾಳಗಳ ಪಾಲಿಗೆ ಬರುತ್ತದೆ. ಅವುಗಳಿಗೆ ತಿಳಿಯುವುದು ತಿರುಗುವಿಕೆಯಲ್ಲಾಗುವ ಬದಲಾವಣೆ ಮಾತ್ರ. ಒಂದೇ ಸಮನೆ ತಿರುಗುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಒಳಗಿನ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ನೆಟ್ಟಗೆ ಹಾರುತ್ತಿರುವಂತೆಯೇ ಅನಿಸುತ್ತದೆ. ಆಗ ಪೈಲಟ್ ತಿರುವನ್ನು ಸರಿಪಡಿಸಿದರೆ ದೇಹ ಎದುರು ದಿಕ್ಕಿಗೆ ತಿರುಗುತ್ತಿರುವುದಾಗಿ ಸಾರಿ ಹೇಳುತ್ತದೆ. ದೇಹವನ್ನು ನಂಬಿದವರು ಮತ್ತೆ ತಿರುವಿನೊಳಕ್ಕೇ ಹೋಗುತ್ತಾರೆ. ಇದು ದಡ್ಡತನದಿಂದಲೋ ಭಯದಿಂದಲೋ ಆಗುವ ತಪ್ಪಲ್ಲ. ಕಿವಿ ಇರುವುದೇ ಹಾಗೆ. ಅನುಭವದಿಂದ ಅದು ಬದಲಾಗುವುದೂ ಇಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಅಳೆದು ತೋರಿಸಿತು. ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ ಇಪ್ಪತ್ತು ಮಂದಿಯನ್ನು ಸಣ್ಣ ವಿಮಾನದಲ್ಲಿ ಕೃತಕ ಮೋಡಕ್ಕೆ ಒಡ್ಡಲಾಯಿತು. ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ವಿಮಾನಕ್ಕಾದರೆ ಒಂದಿಷ್ಟು ಸ್ಥಿರತೆಯಿದೆ, ಕೈಬಿಟ್ಟರೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಹಾರುತ್ತದೆ. ಸ್ಥಿರಗೊಳಿಸುವ ವ್ಯವಸ್ಥೆ ಇಲ್ಲದ ಹೆಲಿಕಾಪ್ಟರಿಗೆ ಆ ಗುಣವಿಲ್ಲ. ಅದನ್ನು ಕ್ಷಣಕ್ಷಣಕ್ಕೂ ಹಿಡಿದು ನಿಲ್ಲಿಸಬೇಕು. ಅಮೆರಿಕದ ಹೆಲಿಕಾಪ್ಟರ್ ಸುರಕ್ಷತಾ ತಂಡ ಇದೇ ಅಪಾಯದ ಬಗ್ಗೆ ತಯಾರಿಸಿದ ಪಾಠಕ್ಕೆ ಇಟ್ಟ ಹೆಸರಿನಲ್ಲೇ ಪೈಲಟ್‌ಗೆ ಉಳಿಯುವ ಆಯುಷ್ಯದ ಲೆಕ್ಕವಿದೆ: 56 ಸೆಕೆಂಡು.

ಎರಡನೆಯ ನಂಬಿಕೆ ಕುಸಿಯುವುದು ಇಲ್ಲಿ. ಕ್ಯಾಲಬಾಸಸ್‌ನ ಪೈಲಟ್ ಎಂಟೂವರೆ ಸಾವಿರ ಗಂಟೆಗೂ ಹೆಚ್ಚು ಹಾರಿದ್ದವರು. ಅದರಲ್ಲಿ ಸುಮಾರು 1,250 ಗಂಟೆ ಎಸ್-76 ಜಾತಿಯ ಹೆಲಿಕಾಪ್ಟರಿನಲ್ಲೇ. ಅವರು ಕಂಪನಿಯ ಮುಖ್ಯ ಪೈಲಟ್; ಉಪಕರಣ ನೋಡಿ ಹಾರುವ ಪರವಾನಗಿಯೂ ಅವರಿಗಿತ್ತು. ಹೆಲಿಕಾಪ್ಟರಿನಲ್ಲಿ ಆಟೊಪೈಲಟ್ ಇತ್ತು. ಆದರೆ ಕಂಪನಿಗೆ ಇದ್ದದ್ದು ಹೊರಗಿನದು ಕಣ್ಣಿಗೆ ಸ್ಪಷ್ಟವಾಗಿ ಕಾಣುವಾಗ ಮಾತ್ರ ಹಾರುವ, ಪೈಲಟ್‌ಗಳು ವಿಎಫ್‌ಆರ್ ಎನ್ನುವ, ಅನುಮತಿ. ಆದ್ದರಿಂದ ದಿನನಿತ್ಯದ ಕೆಲಸದಲ್ಲಿ ಮೋಡದೊಳಗೆ ಹಾರುವ ಪ್ರಸಂಗವೇ ಬರುತ್ತಿರಲಿಲ್ಲ. ಗುಡ್ಡಗಳ ನಡುವೆ ಮೋಡ ತಗ್ಗಿದಾಗ ಅವರು ಮೋಡದ ಮೇಲಕ್ಕೆ ಏರಿಹೋಗಲು ಯತ್ನಿಸಿದರು. 4,000 ಅಡಿಗೆ ಏರುತ್ತಿರುವುದಾಗಿ ನಿಯಂತ್ರಣ ಕೊಠಡಿಗೆ ತಿಳಿಸುತ್ತಿದ್ದ ಹೊತ್ತಿನಲ್ಲೇ ಹೆಲಿಕಾಪ್ಟರ್ ಎಡಕ್ಕೆ ವಾಲಿ ನೆಲದತ್ತ ಧಾವಿಸುತ್ತಿತ್ತು. ಏರುತ್ತಿದ್ದೇನೆಂದು ಅವರಿಗೆ ನಿಜವಾಗಿಯೂ ಅನಿಸಿರಬೇಕು. ಸಾವಿರಾರು ಗಂಟೆಗಳ ಅನುಭವ ಅವರ ಒಳಕಿವಿಗೆ ಏನನ್ನೂ ಕಲಿಸಿರಲಿಲ್ಲ.

ಗಂಟೆಗಳ ಲೆಕ್ಕ ಏನನ್ನು ಎಣಿಸುತ್ತದೆ ಎಂಬುದನ್ನೇ ಯಾರೂ ಕೇಳುವುದಿಲ್ಲ. ಒಳ್ಳೆಯ ಹವಾಮಾನದಲ್ಲಿ ಸಾವಿರ ಗಂಟೆ ಹಾರಿದವರಿಗೆ ಒಳ್ಳೆಯ ಹವಾಮಾನದ ಸಾವಿರ ಗಂಟೆಯ ಅನುಭವವಿದೆ, ಅಷ್ಟೆ. ಉಪಕರಣ ನೋಡಿ ಹಾರುವ ಕೌಶಲ ಬಳಸದಿದ್ದರೆ ಬೇಗ ಮಾಸುತ್ತದೆ; ಪರವಾನಗಿಯ ಪುಟದಲ್ಲಿ ಮಾತ್ರ ಉಳಿಯುತ್ತದೆ. ಇನ್ನೊಂದು ಕಡೆ ಅನುಭವ ಅಪಾಯವನ್ನೂ ಬೆಳೆಸುತ್ತದೆ. ತಗ್ಗಿದ ಮೋಡದಡಿ ಹತ್ತು ಸಲ ನುಸುಳಿ ಪಾರಾದ ಪೈಲಟ್‌ಗೆ ಹನ್ನೊಂದನೆಯ ಸಲವೂ ದಾರಿ ಸಿಗುತ್ತದೆಂಬ ಧೈರ್ಯ ಬರುತ್ತದೆ. ಹತ್ತು ಸಲ ಪಾರಾದದ್ದರಲ್ಲಿ ಕೌಶಲದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಯಾವ ಲಾಗ್‌ಬುಕ್ಕೂ ಬರೆದಿಡುವುದಿಲ್ಲ.

ಮೂರನೆಯ ನಂಬಿಕೆಗೆ ನಿಯಮಗಳ ಬೆಂಬಲವೂ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿ, 1,500 ಮೀಟರಿಗಿಂತ ಕಡಿಮೆ ಗೋಚರತೆಯಲ್ಲೂ ಹೆಲಿಕಾಪ್ಟರಿಗೆ ಹಾರಲು ಅನುಮತಿ ನೀಡಬಹುದು ಎನ್ನುತ್ತದೆ. ಎದುರಿನ ಅಡ್ಡಿಯನ್ನು ಕಂಡು ತಪ್ಪಿಸಿಕೊಳ್ಳುವಷ್ಟು ನಿಧಾನವಾಗಿ ಹೋಗಬೇಕು ಎಂಬುದು ಷರತ್ತು. ಕಾಗದದ ಮೇಲೆ ಇದು ಸಮಂಜಸ. ಕಣಿವೆಯಲ್ಲಿ ಇದು ಬಲೆ. ಒಂದು ಮಟ್ಟಕ್ಕಿಂತ ವೇಗ ತಗ್ಗಿದಷ್ಟೂ ಹೆಲಿಕಾಪ್ಟರ್ ಅಸ್ಥಿರವಾಗುತ್ತದೆ ಮತ್ತು ಗಾಳಿಯಲ್ಲಿ ನಿಲ್ಲಲು ಹೆಚ್ಚು ಶಕ್ತಿ ಬೇಡುತ್ತದೆ. ಎತ್ತರ ತಗ್ಗಿದಷ್ಟೂ ತಂತಿ, ಮರ, ಬಂಡೆ ಹತ್ತಿರವಾಗುತ್ತವೆ. ಹಿಂದಿನ ದಾರಿಯೂ ಮೋಡದಿಂದ ಮುಚ್ಚಿಕೊಂಡರೆ ತಿರುಗಲು ಜಾಗವೇ ಉಳಿಯುವುದಿಲ್ಲ. ನಿಧಾನವಾಗಿ ಹೋಗುವ ಸಾಮರ್ಥ್ಯ ಹೀಗೆ ಹಿಂದಿರುಗುವ ನಿರ್ಧಾರವನ್ನು ಮುಂದೂಡುವ ನೆಪವಾಗುತ್ತದೆ.

ಕೇದಾರನಾಥದಲ್ಲಿ ಇದರ ಪರಿಣಾಮ ಪದೇಪದೇ ಕಂಡಿದೆ. ಸುಮಾರು 3,580 ಮೀಟರ್ ಎತ್ತರದ ಆ ಕ್ಷೇತ್ರದಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟದ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ರೋಟರಿನ ಎತ್ತುಬಲವೂ ಎಂಜಿನ್ನಿನ ಶಕ್ತಿಯೂ ಒಟ್ಟಿಗೇ ಕುಗ್ಗುತ್ತವೆ. ಪ್ರಯಾಣಿಕರನ್ನು ತುಂಬಿಕೊಂಡ ಹೆಲಿಕಾಪ್ಟರ್ ಅಲ್ಲಿ ನಿಂತಲ್ಲೇ ನಿಂತು ಯೋಚಿಸುವಷ್ಟು ಶಕ್ತಿಯನ್ನು ಉಳಿಸಿಕೊಂಡಿರುವುದೇ ಅಪರೂಪ. ಇಂಥಲ್ಲಿ ಮುಂದಿನ ವೇಗವಿಲ್ಲದೆ ಬೇಗ ಇಳಿಯಲು ಹೋದರೆ ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ; ಆಗ ಶಕ್ತಿ ಹೆಚ್ಚಿಸಿದಷ್ಟೂ ಕುಸಿತವೇ ಹೆಚ್ಚುತ್ತದೆ. 2022ರ ಅಕ್ಟೋಬರ್ 18ರಂದು ಕೇದಾರನಾಥದಿಂದ ಹೊರಟ ಬೆಲ್ 407 ಬೆಟ್ಟಕ್ಕೆ ಬಡಿದು ಏಳು ಮಂದಿ ಸತ್ತರು. 2025ರ ಜೂನ್ 15ರ ಬೆಳಗಿನ ಜಾವ ಗೌರಿಕುಂಡದ ಬಳಿ ಇನ್ನೊಂದು ಬೆಲ್ 407 ಬಿದ್ದು ಪುಟ್ಟ ಮಗುವೂ ಸೇರಿ ಏಳು ಮಂದಿ ಸತ್ತರು. ಎರಡೂ ಬಾರಿ ಕಣಿವೆಯಲ್ಲಿ ಗೋಚರತೆ ಹದಗೆಟ್ಟಿತ್ತು. ಬೆಲ್ 407 ಒಂದೇ ಎಂಜಿನ್ನಿನದು ಎಂಬುದನ್ನು ಹಿಡಿದುಕೊಂಡು, ಎರಡು ಎಂಜಿನ್ ಇದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರು ಕೂನೂರನ್ನು ನೆನೆಯಬೇಕು. ಬೆಟ್ಟ ಎಂಜಿನ್ನುಗಳನ್ನು ಎಣಿಸುವುದಿಲ್ಲ.

ಯಂತ್ರಗಳು ಕೆಡುವುದೇ ಇಲ್ಲವೇ ಎಂಬುದು ನ್ಯಾಯವಾದ ಆಕ್ಷೇಪ. ಕೆಡುತ್ತವೆ, ಘೋರವಾಗಿಯೇ ಕೆಡುತ್ತವೆ. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಸಿಕೋರ್ಸ್ಕಿ ಎಸ್-92ರ ಗೇರ್‌ಬಾಕ್ಸಿನ ತೈಲವೆಲ್ಲ ಸೋರಿಹೋಗಿ ಹದಿನೇಳು ಮಂದಿ ಸತ್ತರು. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಇಸಿ225ರ ಗೇರ್‌ಬಾಕ್ಸಿನ ಹಲ್ಲುಚಕ್ರವೊಂದು ಸೀಳಿ, ರೋಟರೇ ಕಳಚಿಹೋಗಿ ಹದಿಮೂರು ಮಂದಿ ಸತ್ತರು. 2025ರ ಜನವರಿ 5ರಂದು ಪೋರ್‌ಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಸತ್ತಾಗ ಅನುಮಾನ ಹೋದದ್ದು ರೆಕ್ಕೆಗಳ ಕೋನವನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟಿನ ಮೇಲೆ.

ಆದರೆ ಈ ಉದಾಹರಣೆಗಳು ಆಕ್ಷೇಪಕ್ಕಿಂತ ಅದರ ಉತ್ತರಕ್ಕೇ ಹೆಚ್ಚು ನೆರವಾಗುತ್ತವೆ. ಮೂರೂ ಎರಡು ಎಂಜಿನ್ನಿನ ಹೆಲಿಕಾಪ್ಟರುಗಳೇ. ಎಂಜಿನ್ ಎರಡಾದರೂ ಮುಖ್ಯ ಗೇರ್‌ಬಾಕ್ಸ್ ಒಂದೇ, ಮುಖ್ಯ ರೋಟರ್ ಒಂದೇ. ಜೋಡಿಯಿಲ್ಲದ ಆ ಭಾಗ ಮುರಿದಾಗ ಎರಡನೆಯ ಎಂಜಿನ್ ಮೂಕಪ್ರೇಕ್ಷಕ. ಇನ್ನೂ ಮುಖ್ಯವಾದದ್ದು, ಯಂತ್ರ ಕೆಟ್ಟಾಗ ಏನು ಮಾಡಬೇಕೆಂದು ವಿಮಾನಯಾನಕ್ಕೆ ಗೊತ್ತಿದೆ. ನಾರ್ವೆಯ ಅಪಘಾತದ ನಂತರ ಯುರೋಪಿನಲ್ಲಿ ಆ ಮಾದರಿಯನ್ನು ನೆಲಕ್ಕಿಳಿಸಲಾಯಿತು. ಪೋರ್‌ಬಂದರಿನ ನಂತರ ಬೆಂಗಳೂರಿನಲ್ಲಿ ತಯಾರಾದ ಧ್ರುವ್ ಹೆಲಿಕಾಪ್ಟರುಗಳೆಲ್ಲ ತಿಂಗಳುಗಟ್ಟಲೆ ಹಾರದೆ ನಿಂತವು. ಬಿಡಿಭಾಗ ಬದಲಾಗುತ್ತದೆ, ತಪಾಸಣೆಯ ಅವಧಿ ತಗ್ಗುತ್ತದೆ, ಕೈಪಿಡಿ ತಿದ್ದುಪಡಿಯಾಗುತ್ತದೆ. ಮೋಡದೊಳಗೆ ಹೋದ ಹಾರಾಟದ ನಂತರ ಇಂಥದ್ದು ನಡೆಯುವುದು ಅಪರೂಪ. ಒಂದೆರಡು ದಿನ ಸೇವೆ ನಿಲ್ಲುತ್ತದೆ, ಆಮೇಲೆ ಅದೇ ವೇಳಾಪಟ್ಟಿ, ಅದೇ ಒತ್ತಡ, ಅದೇ ಕಣಿವೆ. ಮುರಿದ ಹಲ್ಲುಚಕ್ರವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಮುರಿದ ನಿರ್ಧಾರವನ್ನು ಅಷ್ಟೇ ಶ್ರದ್ಧೆಯಿಂದ ಬಿಡಿಸಿ ನೋಡುವ ಅಭ್ಯಾಸ ಇನ್ನೂ ಬೇರೂರಿಲ್ಲ.

ಹಾಗಾದರೆ ತಪ್ಪು ಪೈಲಟ್‌ನದು ಎಂದು ಬರೆದು ಕಡತ ಮುಚ್ಚಬಹುದೇ? ಅದು ಇದೇ ಭ್ರಮೆಯ ಇನ್ನೊಂದು ಮುಖ. 2013ರ ಮಾರ್ಚ್ 30ರಂದು ಅಲಾಸ್ಕಾದ ಟಾಲ್ಕೀಟ್ನಾ ಬಳಿ ಪೊಲೀಸ್ ಹೆಲಿಕಾಪ್ಟರೊಂದು ಹಿಮದಲ್ಲಿ ಸಿಕ್ಕಿಬಿದ್ದವರೊಬ್ಬರನ್ನು ರಕ್ಷಿಸಿ ಮರಳುವಾಗ ಬಿದ್ದು, ರಕ್ಷಿಸಲ್ಪಟ್ಟವರೂ ಸೇರಿ ಮೂವರು ಸತ್ತರು. ಕೆಡುತ್ತಿದ್ದ ಹವಾಮಾನದಲ್ಲಿ ಹಾರಾಟ ಮುಂದುವರಿಸಿದ್ದನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣವೆಂದು ಗುರುತಿಸಿತು. ಅಲ್ಲಿಗೇ ನಿಲ್ಲದೆ, ಇಲಾಖೆಯ ದಂಡಿಸುವ ಸಂಸ್ಕೃತಿಯನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು. ತಪ್ಪು ಹೇಳಿಕೊಂಡವರಿಗೆ ಶಿಕ್ಷೆಯಾಗುವಲ್ಲಿ ಯಾರೂ ಕೂದಲೆಳೆಯಲ್ಲಿ ಪಾರಾದದ್ದನ್ನು ವರದಿ ಮಾಡುವುದಿಲ್ಲ. ವರದಿಯಾಗದ ದೋಷ ತಿದ್ದಿಕೊಳ್ಳುವುದೂ ಇಲ್ಲ. ಕ್ಯಾಲಬಾಸಸ್‌ನಲ್ಲೂ ಮಂಡಳಿ ಪೈಲಟ್ ತಮ್ಮ ಮೇಲೆ ತಾವೇ ಹೇರಿಕೊಂಡಿರಬಹುದಾದ ಒತ್ತಡವನ್ನೂ ಕಂಪನಿಯ ಸುರಕ್ಷತಾ ಮೇಲ್ವಿಚಾರಣೆಯ ಕೊರತೆಯನ್ನೂ ಹೆಸರಿಸಿತು. ಹಿಂದೆ ಕುಳಿತವರು ಒಂದು ಮಾತೂ ಆಡದಿದ್ದರೂ ಅವರ ಸ್ಥಾನಮಾನ ಕಾಕ್‌ಪಿಟ್ಟಿನಲ್ಲಿ ಮಾತಾಡುತ್ತದೆ. ಸಭೆಗೆ ತಡವಾಗುತ್ತಿರುವ ಮಂತ್ರಿಯನ್ನು ಹೊತ್ತ ಪೈಲಟ್‌ಗೆ ಗದ್ದೆಯಲ್ಲಿ ಇಳಿಸಿಬಿಡುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿರ್ಧಾರವನ್ನೂ ಯಂತ್ರದಂತೆಯೇ ಬಲಪಡಿಸಬಹುದು ಎಂಬುದಕ್ಕೆ ಪುರಾವೆಗಳಿವೆ. 1954ರ ಪ್ರಯೋಗದ ಎರಡನೆಯ ಭಾಗವನ್ನು ಯಾರೂ ಹೆಚ್ಚು ನೆನೆಯುವುದಿಲ್ಲ: ಮೋಡ ಹೊಕ್ಕ ಕೂಡಲೇ ಮಾಡಬೇಕಾದ ಸರಳ ಕ್ರಮವೊಂದನ್ನು ಕಲಿಸಿದ ಮೇಲೆ ಅದೇ ಜನ ಬಹುತೇಕ ಎಲ್ಲ ಯತ್ನಗಳಲ್ಲೂ ಸುರಕ್ಷಿತವಾಗಿ ಹಿಂದಿರುಗಿದರು. ಅಮೆರಿಕದ ಏರ್ ಆಂಬುಲೆನ್ಸ್ ಸೇವೆಯಲ್ಲಿ ಸಾವುಗಳು ಹೆಚ್ಚಿದಾಗ ಅಲ್ಲಿನ ಫೆಡರಲ್ ವಿಮಾನಯಾನ ಆಡಳಿತ 2014ರಲ್ಲಿ ಹೊಸ ನಿಯಮ ತಂದಿತು. ಹೊರಡುವ ಮುನ್ನ ಅಪಾಯದ ಲೆಕ್ಕಾಚಾರ, ನೆಲ ಸಮೀಪಿಸಿದರೆ ಎಚ್ಚರಿಸುವ ಉಪಕರಣ, ಅಕಸ್ಮಾತ್ ಮೋಡ ಹೊಕ್ಕರೆ ಹೊರಬರುವ ಕೌಶಲದ ಪರೀಕ್ಷೆ, ದೊಡ್ಡ ಸಂಸ್ಥೆಗಳಿಗೆ ಹಾರಾಟ ನಿಯಂತ್ರಣ ಕೇಂದ್ರ, ಇವೆಲ್ಲ ಕಡ್ಡಾಯವಾದವು. ಅದೇ ವೃತ್ತಿಯಲ್ಲಿ ಇನ್ನೆರಡು ಪದ್ಧತಿಗಳು ಬೆಳೆದಿವೆ. ರೋಗಿಯ ಸ್ಥಿತಿ ಎಷ್ಟು ಗಂಭೀರವೆಂದು ಪೈಲಟ್‌ಗೆ ತಿಳಿಸುವುದಿಲ್ಲ. ಹವಾಮಾನದ ತೀರ್ಮಾನಕ್ಕೆ ಕರುಣೆಯ ಭಾರ ಸೇರಬಾರದು. ಹೆಲಿಕಾಪ್ಟರಿನಲ್ಲಿರುವ ಮೂವರು ಸಿಬ್ಬಂದಿಯಲ್ಲಿ ಯಾರೊಬ್ಬರು ಬೇಡವೆಂದರೂ ಹಾರಾಟ ರದ್ದು, ಕಾರಣ ಕೊಡಬೇಕಾಗಿಲ್ಲ.

ಪೈಲಟ್‌ಗೆ ಇದರಿಂದ ಸಿಗುವ ಪಾಠ ಸರಳ, ಆಚರಣೆ ಕಠಿಣ. ಮಿತಿಗಳನ್ನು ನೆಲದ ಮೇಲೆ, ತಣ್ಣಗಿನ ತಲೆಯಲ್ಲಿ ಬರೆದಿಟ್ಟುಕೊಳ್ಳಬೇಕು: ಮೋಡದ ತಳ ಇಷ್ಟಕ್ಕಿಂತ ತಗ್ಗಿದರೆ, ಮುಂದಿನ ಗುಡ್ಡ ಕಾಣದಾದರೆ, ವೇಗವನ್ನು ಇಷ್ಟಕ್ಕಿಂತ ಇಳಿಸಬೇಕಾಗಿ ಬಂದರೆ ತಿರುಗುವುದು, ಇಲ್ಲವೇ ಇಳಿಯುವುದು. ವೇಗ ತಗ್ಗಿಸಲು ಕೈ ತಾನಾಗಿ ಹೋದ ಕ್ಷಣವೇ ಎಚ್ಚರಿಕೆಯ ಗಂಟೆ. ಹೆಲಿಕಾಪ್ಟರಿಗಿರುವ ನಿಜವಾದ ಅನುಕೂಲ ನಿಧಾನವಾಗಿ ಮುಂದೆ ಹೋಗುವುದರಲ್ಲಿ ಇಲ್ಲ. ರನ್‌ವೇ ಇಲ್ಲದೆ ಎಲ್ಲಿ ಬೇಕಾದರೂ ಇಳಿದು ಕಾಯಬಹುದು ಎಂಬುದರಲ್ಲಿದೆ. ಅಷ್ಟಾದರೂ ಮೋಡ ಹೊಕ್ಕರೆ ಮೊದಲು ಹೆಲಿಕಾಪ್ಟರಿನ ವಾಲನ್ನು ಸರಿಪಡಿಸಿ, ಉಪಕರಣಗಳನ್ನಷ್ಟೇ ನಂಬಿ, ವೇಗ ಕಾಯ್ದುಕೊಂಡು ಏರುತ್ತ ನೆಲದ ಸಹಾಯ ಕೇಳಬೇಕು. ಈ ಕ್ರಮವನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿರಬೇಕು.

ಸಂಸ್ಥೆಗಳ ಮತ್ತು ಸರ್ಕಾರಗಳ ಹೊಣೆ ಇದಕ್ಕಿಂತ ಕಡಿಮೆಯಲ್ಲ. ಹಿಂದಿರುಗಿದ ಪೈಲಟ್‌ಗೆ ಸಂಬಳ ಕಡಿತವಾಗಬಾರದು, ಗದ್ದೆಯಲ್ಲಿ ಇಳಿದವರಿಗೆ ನೋಟಿಸು ಬರಬಾರದು, ಹತ್ತಿದ ಗಣ್ಯರು ಯಾರೇ ಆದರೂ ಹಾರಾಟದ ತೀರ್ಮಾನ ಅವರ ಕೈಗೆ ಹೋಗಬಾರದು. ಎರಡು ಎಂಜಿನ್ನಿನ ಹೊಸ ಹೆಲಿಕಾಪ್ಟರ್ ಕೊಳ್ಳಲು ಕೋಟಿಗಟ್ಟಲೆ ಹಣ ಬೇಕು. ಈ ಮೂರನ್ನು ಬರೆದು ಜಾರಿಗೆ ತರಲು ಅಷ್ಟು ಬೇಡ. ಮುಂದಿನ ಅಪಘಾತದ ನಂತರ ಎಂಜಿನ್ ಎಷ್ಟು, ಗಂಟೆ ಎಷ್ಟು ಎಂಬ ಪ್ರಶ್ನೆಗಳ ಮೊದಲು ಕೇಳಬೇಕಾದವು ಬೇರೆ ಇವೆ: ಹಿಂದಿರುಗುವ ಮಿತಿ ಎಲ್ಲಿ ಬರೆದಿತ್ತು, ಅದು ದಾಟಿದ್ದು ಯಾವಾಗ, ದಾಟದೆ ಹಿಂದಿರುಗಿದ್ದರೆ ಆ ಪೈಲಟ್‌ಗೆ ಏನಾಗುತ್ತಿತ್ತು? ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಸಂಸ್ಥೆಯ ಹೆಲಿಕಾಪ್ಟರಿಗೆ ಎಂಜಿನ್ ಎರಡಿದ್ದರೂ ಅದನ್ನು ಸುರಕ್ಷಿತ ಎನ್ನಲಾಗದು.